ಸದ್ದಿನಲ್ಲಿ ಕೂಗಿದವನು
"ವಿಮಾನ ಹೋಗೋವಾಗ ಮಗಳನ್ನ ಕೂಗ್ಬೇಡಿ," ಎಂದ ಎದುರುಮನೆಯ ಟೈಲರ್. "ಸದ್ದು ಅಡಗೋವರೆಗೂ ಬಾಯಿಗೆ ಬೀಗ. ಈ ಬೀದೀಲಿ ಎಲ್ರೂ ಹಾಗೇ."

ಕಿಟಕಿಗೆ ಗಾಜು ಕೂರಿಸುವವನು ನಕ್ಕುಬಿಟ್ಟ. ವಿಮಾನ ನಿಲ್ದಾಣದ ಗೋಡೆಗಂಟಿದ ಆ ಬಡಾವಣೆಗೆ ಅವನು ಬಂದು ಎರಡೇ ದಿನ. ಹೆಂಡತಿ ತೀರಿಕೊಂಡಿದ್ದಳು, ಆರು ವರ್ಷದ ಮಗಳೊಬ್ಬಳೇ ದಿಕ್ಕು.

"ಕಾಗಕ್ಕ ಗುಬ್ಬಕ್ಕನ ಕತೆ ಬೇಡ ಯಜಮಾನ್ರೇ."

"ಕತೆಯಲ್ಲಪ್ಪ. ಇಲ್ಲಿ ಮೊದ್ಲು ಹಳ್ಳಿ ಇತ್ತು. ರನ್‌ವೇ ಮುಗಿದ್ಮೇಲೆ, ಈ ಗೋಡೆ ಕಟ್ಟೋಕೆ ಕೊನೇ ಮನೆ ಕೆಡವಿದ್ರು. ಒಳಗಿದ್ದ ಮುದುಕಿ ಹೊರಗೆ ಬರ್ಲಿಲ್ಲ. ಯಂತ್ರ ಓಡಿಸ್ತಿದ್ದೋನು ಅವಳ ಮಗನೇ. ಕೂಗಿದ್ಳು. ತಲೆ ಮೇಲೆ ವಿಮಾನ, ಅವನಿಗೆ ಕೇಳಿಸ್ಲೇ ಇಲ್ಲ. ಎಳೆದು ಹಾಕಿದಾಗ ಇನ್ನೂ ಉಸಿರಿತ್ತು. ಮಣ್ಣು ಹಿಡಿದು ಶಾಪ ಹಾಕಿದ್ಳು: ಈ ಸದ್ದಲ್ಲಿ ಕೂಗಿದೋರ ದನಿ ಅವರ ಮಕ್ಕಳಿಗೆ ಎಂದೂ ಕೇಳದಿರ್ಲಿ ಅಂತ."

ಮನೆ ಬಿಡಿಸುವ ಹುನ್ನಾರ, ಎಂದುಕೊಂಡ ಗಾಜಿನವನು. ಅಷ್ಟರಲ್ಲಿ ವಿಮಾನ ಬಂತು. ಸುಟ್ಟ ಸೀಮೆಎಣ್ಣೆಯ ವಾಸನೆ ಬೀದಿಗಿಳಿಯಿತು. ತರಕಾರಿಯವಳ ಚೌಕಾಸಿ ಅರ್ಧಕ್ಕೆ ನಿಂತಿತು. ಜಗಳವಾಡುತ್ತಿದ್ದ ಗಂಡ ಹೆಂಡತಿ ಎತ್ತಿದ ಬೆರಳು ಇಳಿಸದೆ ಸುಮ್ಮನಾದರು. ನಾಟಕದ ಮಂದಿ! ಅವನು ರೇಗಿ, ಬೇಕೆಂದೇ ಕೂಗಿದ: "ಮಗಳೇ! ಬಾರಮ್ಮಾ!"

ಬೀದಿಯಲ್ಲಿ ಆಡುತ್ತಿದ್ದ ಅವಳು ತಿರುಗಲಿಲ್ಲ. ಸದ್ದಡಗಿದ ಮೇಲೂ ತಿರುಗಲಿಲ್ಲ.

ಕಿವಿ ಸರಿಯಿದೆ ಎಂದರು ಡಾಕ್ಟರು. ಸೂಜಿ ಬಿದ್ದರೂ ಅವಳಿಗೆ ಕೇಳುತ್ತಿತ್ತು, ಅಪ್ಪನ ದನಿಯೊಂದು ಬಿಟ್ಟು. "ತಾತ, ಅಪ್ಪ ಯಾಕೆ ಬರೀ ಬಾಯಿ ಆಡಿಸ್ತಾರೆ?" ಎಂದು ಟೈಲರನ್ನು ಕೇಳಿದಳು. ಇವನೇ ಹೇಳಿಕೊಟ್ಟಿದ್ದಾನೆಂದು ಗಾಜಿನವನು ಅವನ ಕೊರಳಪಟ್ಟಿ ಹಿಡಿದ. ಮುದುಕ ಬಿಡಿಸಿಕೊಳ್ಳಲೂ ಇಲ್ಲ.

ಮರುದಿನ ಮಧ್ಯಾಹ್ನ ಗಾಜಿನವನು ಮತ್ತೆ ಜಗಳಕ್ಕೆಂದು ಎದುರಿಗಿದ್ದ ಟೈಲರನ ಅಂಗಡಿಗೆ ಹೋದ. ಬೀದಿಯ ಈಚೆ, ಗಾಜಿನವನ ಮನೆಗೋಡೆಗೆ ಆಳೆತ್ತರದ ಗಾಜು ಒರಗಿತ್ತು. ಅದರ ಬುಡದಲ್ಲಿ ಕೂತು ಮಗಳು ಚಿತ್ರ ಬರೆಯುತ್ತಿದ್ದಳು.

ವಿಮಾನ ಬಂತು. ನೆಲ ನಡುಗಿತು. ಗಾಜು ಜಾರಿತು. ಓಡಿದ. ಕೂಗಿದ. ಗಂಟಲು ಹರಿಯುವಂತೆ ಕೂಗಿದ. ಅವಳು ತಲೆಯೆತ್ತಲಿಲ್ಲ. ಗಾಜು ಬಾಗಿತು.

"ಪುಟ್ಟೀ! ಏಳು! ಓಡು!"

ಎದ್ದಳು. ಓಡಿದಳು. ಅವಳು ಕೂತಿದ್ದ ಜಾಗದಲ್ಲಿ ಗಾಜು ಪುಡಿಪುಡಿಯಾಯಿತು.

ಗಾಜಿನವನು ಆ ಕೂಗು ಬಂದತ್ತ ತಿರುಗಿ ನೋಡಿದ. ಹೊಲಿಗೆ ಯಂತ್ರದ ಹಿಂದೆ ಟೈಲರ್ ಎದ್ದು ನಿಂತಿದ್ದ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು.

ಸಂಜೆ ಆರಕ್ಕೆ, ದಿನದಂತೆ, ಪರವೂರಿನಲ್ಲಿದ್ದ ಟೈಲರನ ಮಗಳು ಫೋನ್ ಮಾಡಿದಳು.

"ಹೇಳಮ್ಮ," ಎಂದ ಅವನು.

"ಅಪ್ಪಾ? ಎತ್ಕೊಂಡು ಯಾಕೆ ಸುಮ್ನಿದ್ದೀಯ? ಮಾತಾಡಪ್ಪಾ."

ಮುದುಕ ಮಾತಾಡುತ್ತಲೇ ಇದ್ದ.