ಶನಿವಾರ ಹತ್ತರಿಂದ ಹನ್ನೊಂದು

ಹದಿನಾಲ್ಕು ಮೆಸೇಜ್ ಕಳಿಸಿದ್ದೆ. ಒಂದಕ್ಕೂ ಉತ್ತರವಿಲ್ಲ. ಹದಿನೈದನೆಯದನ್ನು ಕಳಿಸುವ ಬದಲು ನಾನೇ ಹೊರಟೆ. ಕರೆಂಟ್ ಇರಲಿಲ್ಲ, ಹಾಗಾಗಿ ಲಿಫ್ಟೂ ಇರಲಿಲ್ಲ. ಐದು ಮಹಡಿ ಹತ್ತುತ್ತಾ ಬೈಗುಳವನ್ನೆಲ್ಲ ಸಾಲಾಗಿ ಜೋಡಿಸಿಕೊಂಡೆ. ಬಾಗಿಲು ತೆರೆದಾಗ ಒಂದೂ ನೆನಪಿಗೆ ಬರಲಿಲ್ಲ.

ಜುಮಾನಾ ಕೈತುಂಬ ಒದ್ದೆ ದ್ರಾಕ್ಷಿ ಎಲೆ ಹಿಡಿದು ನಿಂತಿದ್ದಳು. ಹಣೆಗೆ ಅಂಟಿದ ಕೂದಲನ್ನು ಮೊಣಕೈಯಿಂದ ಸರಿಸಲು ಹೋಗಿ ಸೋತಳು. ಆ ಕೂದಲನ್ನು ನಾನು ಸರಿಸಬೇಕು ಅನಿಸಿ, ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡೆ.

"ಎಲ್ಲಾದ್ರೂ ಬೆಂಕಿ ಬಿದ್ದಿದೆಯಾ?" ಎಂದಳು.

"ಇಲ್ಲ."

"ಯಾರಾದ್ರೂ ತೀರಿಕೊಂಡ್ರಾ?"

"ಇಲ್ಲ, ಬ್ಯಾಟರಿ..."

"ಹಾಗಾದ್ರೆ ಶನಿವಾರ ಬನ್ನಿ. ಹತ್ತರಿಂದ ಹನ್ನೊಂದು."

"ಇವತ್ತು ಮಂಗಳವಾರ!"

"ಗೊತ್ತು. ನಮ್ಮನೇಲೂ ಕ್ಯಾಲೆಂಡರ್ ಇದೆ. ಗೋಡೆ ಮೇಲಿದೆ, ಚಾರ್ಜ್ ಮಾಡೋ ಕೆಲಸವೇ ಇಲ್ಲ."

ವಿಷಯ ಇಷ್ಟೆ. ಬೈರೂತಿನ ಗೈತಾವಿ ಬಡಾವಣೆಯಲ್ಲಿ ನಮ್ಮವು ಅಕ್ಕಪಕ್ಕದ ಮೂರು ಕಟ್ಟಡಗಳು. ಸರ್ಕಾರದ ಕರೆಂಟನ್ನು ನಂಬಿ ಕೂತರೆ ಫ್ರಿಜ್ಜಿನಲ್ಲಿ ಹಾಲು ಮೊಸರಾಗುತ್ತದೆ, ಅದಕ್ಕೆ ಎಲ್ಲರೂ ದುಡ್ಡು ಹಾಕಿ ತಾರಸಿಯ ಮೇಲೆ ಸೋಲಾರ್ ಹಾಕಿಸುತ್ತಿದ್ದೆವು. ದುಡ್ಡನ್ನು ಬ್ಯಾಂಕಿನಲ್ಲಿಡಲು ಯಾರಿಗೂ ಧೈರ್ಯವಿಲ್ಲ. ಜನ ಇಟ್ಟ ದುಡ್ಡನ್ನು ಜನರಿಗೇ ಕೊಡದ ಬ್ಯಾಂಕುಗಳನ್ನು ನಾವು ಕಂಡವರು. ಹಾಗಾಗಿ ಅದು ಕ್ರಿಪ್ಟೋದಲ್ಲಿತ್ತು, ಮೂರು ಕೀಲಿಯ ಒಂದು ಡಿಜಿಟಲ್ ತಿಜೋರಿಯಲ್ಲಿ. ಮೂವರಲ್ಲಿ ಇಬ್ಬರು ಒಪ್ಪಿಗೆ ಒತ್ತಿದರೆ ಮಾತ್ರ ಅದು ತೆರೆಯುತ್ತದೆ.

ಒಂದು ಕೀಲಿ ನನ್ನದು. ನಾನು ನಬೀಹ್, ಕೆಳಗಡೆ ಫೋನು, ಇನ್ವರ್ಟರ್ ರಿಪೇರಿ ಅಂಗಡಿಯವನು. ಇನ್ನೊಂದು ನಿವೃತ್ತ ಮೇಷ್ಟ್ರು ಮುನೀರ್ ಅವರದು. ಅವರು ಆಫ್ರಿಕಾದ ಅಬಿಜಾನಿನಲ್ಲಿರುವ ಮಗಳ ಮನೆಗೆ ಹೋದವರು ಅಲ್ಲಿ ಪಾಸ್‌ವರ್ಡ್ ಮರೆತು ಹಾಯಾಗಿದ್ದಾರೆ. ಮೂರನೆಯದು ಜುಮಾನಾಳದು. "ಫೋನಿಗೆ ಆಸೆಪಡದವಳು ದುಡ್ಡಿಗೂ ಆಸೆಪಡಲ್ಲ" ಎಂದು ನೆಲಮಹಡಿಯ ಉಮ್ಮ್ ತೌಫೀಕ್ ಅವಳ ಹೆಸರು ಹೇಳಿದ್ದರು. ಮೇಷ್ಟ್ರ ಜಾಗಕ್ಕೆ ಬೇರೆಯವರನ್ನು ಹಾಕಬಹುದಿತ್ತು. ನಾನು ಹಾಕಲಿಲ್ಲ. ಯಾಕೆ ಅಂತ ಕೇಳಬೇಡಿ.

ಜುಮಾನಾಳ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆ ಫೋನು. ಲ್ಯಾಪ್‌ಟಾಪ್ ಪಾತ್ರೆಗಳ ಬೀರುವಿನಲ್ಲಿ ಮಲಗಿರುತ್ತಿತ್ತು, ಶನಿವಾರ ಒಂದೇ ಒಂದು ಗಂಟೆ ಹೊರಗೆ ಬರುತ್ತಿತ್ತು, ಒಪ್ಪಿಗೆ ಬೇಕಿದ್ದರೆ ನಾನು ಆಗಲೇ ಹೋಗಬೇಕಿತ್ತು. ಮೊದಲು ಅವಳು ಹೀಗಿರಲಿಲ್ಲ. ಸುದ್ದಿ ಸಂಸ್ಥೆಯೊಂದರಲ್ಲಿ ಜನ ಕಳಿಸಿದ ವಿಡಿಯೊ ನೋಡಿ ಆರಿಸುವ ಕೆಲಸ ಮಾಡುತ್ತಿದ್ದಳು. ಬಂದರಿನ ಸ್ಫೋಟವಾದ ಮೇಲೆ ಎಂಟು ತಿಂಗಳು ಅವಳು ದಿನವೂ ಅದೇ ಸ್ಫೋಟವನ್ನು ನೋಡಿದಳು. ಕೆಲಸ ಬಿಟ್ಟ ಮೇಲೂ ಫೋನು ಬಿಡಲಿಲ್ಲ. ನೋಡಿದ್ದನ್ನೇ ಮತ್ತೆ ಮತ್ತೆ ತಂದು ತೋರಿಸುತ್ತಿತ್ತು. ಆಮೇಲೆ ಅದನ್ನು ಮಾರಿ, ಅನುವಾದದ ಕೆಲಸ ಹಿಡಿದಳು. ಬಂದ ದುಡ್ಡಿನಲ್ಲಿ ಸ್ವಲ್ಪ ಬಿಟ್‌ಕಾಯಿನ್ ಕೊಂಡಿಟ್ಟಿದ್ದಳು, ಅದನ್ನೂ ಶನಿವಾರವೇ ನೋಡುವುದು.

ಇಂಟರ್ನೆಟ್ಟಿನಲ್ಲಿ ಅವಳು ಬರೆಯುತ್ತಿದ್ದದ್ದು ಒಂದೇ ಕಡೆ, ನಾನು ನಡೆಸುವ 'ಹಾರತ್ನಾ'ದಲ್ಲಿ. ಹಾರತ್ನಾ ಎಂದರೆ ನಮ್ಮ ಓಣಿ. ನನ್ನ ಅಂಗಡಿಯ ಅಟ್ಟದಲ್ಲಿ ಕೂತ ಹಳೆ ಕಂಪ್ಯೂಟರಿನ ಮೇಲೆ ನಡೆಯುವ ಜಾಲ. ಒಡೆಯ ಕಂಪನಿಯಿಲ್ಲ, ಜಾಹೀರಾತಿಲ್ಲ, ಬರೆದ ಹೊತ್ತಿಗೆ ತಕ್ಕಂತೆ ಸಾಲಾಗಿ ಕಾಣುತ್ತದೆ, ಅಷ್ಟೆ. ಊರು ಬಿಟ್ಟು ಹೋದವರು ಮಾಂಟ್ರಿಯಲ್‌ನಲ್ಲಿ, ಅಬಿಜಾನಿನಲ್ಲಿ ಇಂಥದ್ದೇ ಕಂಪ್ಯೂಟರ್ ಇಟ್ಟುಕೊಂಡಿದ್ದಾರೆ. ಇಲ್ಲಿ ಬರೆದದ್ದರ ನಕಲು ಅಲ್ಲಿಗೂ ಹೋಗುತ್ತದೆ. ಅವಳು ವಾರಕ್ಕೊಮ್ಮೆ ಬಾಲ್ಕನಿಯಿಂದ ಕಂಡದ್ದನ್ನು ನಾಲ್ಕು ಸಾಲು ಬರೆಯುತ್ತಿದ್ದಳು. ಶುಕ್ರವಾರ ಸಂಜೆಯಿಂದಲೇ ನನಗೆ ಊಟ ಸೇರುತ್ತಿರಲಿಲ್ಲ.

ಆ ಮಂಗಳವಾರ ನಾನು ಹಠ ಹಿಡಿದೆ. "ಇವತ್ತೇ ದುಡ್ಡು ಕಳಿಸದಿದ್ರೆ ಬ್ಯಾಟರಿ ಬೇರೆಯವರ ಪಾಲಾಗುತ್ತೆ" ಎಂದೆ. ಅವಳು ನಿಟ್ಟುಸಿರಿಟ್ಟು, ಕೈ ತೊಳೆದು, ಲ್ಯಾಪ್‌ಟಾಪ್ ತೆಗೆದಳು. ಹೆಬ್ಬೆರಳಷ್ಟಿದ್ದ ಕೀಲಿಯ ಉಪಕರಣವನ್ನು ಚುಚ್ಚಿ ಒಪ್ಪಿಗೆ ಒತ್ತಿದಳು. ಏಲಕ್ಕಿ ಕಾಫಿಯನ್ನೂ ಕೊಟ್ಟಳು.

"ಸಕ್ಕರೆ?"

"ಸ್ವಲ್ಪ."

"ಆತುರದವರು ಸಕ್ಕರೆ ಜಾಸ್ತಿ ಹಾಕ್ಕೋತಾರೆ ಅಂದ್ಕೊಂಡಿದ್ದೆ" ಎಂದು ನನ್ನ ಕಡೆ ನೋಡದೆ ನಕ್ಕಳು. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು.

ಅಷ್ಟು ಸಾಕಾಯಿತು. ಮುಂದಿನ ಮಂಗಳವಾರ ಇನ್ವರ್ಟರ್ ಎಂದು ಹೋದೆ. ಅದರ ಮುಂದಿನ ಮಂಗಳವಾರ ವೈರು. ಎರಡೂ ಸಲ ಅವಳು ಗೊಣಗುತ್ತಲೇ ಲ್ಯಾಪ್‌ಟಾಪ್ ತೆಗೆದಳು, ನಾನು ಗೆದ್ದೆ ಎಂದು ಬೀಗಿದೆ.

ಆ ಶನಿವಾರ ಹತ್ತಕ್ಕೆ ಸರಿಯಾಗಿ ಹೋದರೆ ಮನೆಯೆಲ್ಲ ಸೀದ ವಾಸನೆ.

"ನಿನ್ನೆ ಅಪ್ಪನ ಊಟ ಸೀದೋಯ್ತು" ಎಂದಳು. "ಬಿಟ್‌ಕಾಯಿನ್ ಬೆಲೆ ನೋಡ್ತಾ ಕೂತಿದ್ದೆ. ಮೂರು ಗಂಟೆ. ಹೊಗೆ ಬಂದ್ರೂ ಏಳಲಿಲ್ಲ."

ನಗಬೇಕೋ ಬೇಡವೋ ತಿಳಿಯಲಿಲ್ಲ.

"ಮಂಗಳವಾರ ಒಪ್ಪಿಗೆ ಒತ್ತೋಕೆ ತೆಗೀತೀನಿ. ಆ ಬೆಲೆಯ ಗೆರೆ ಎದುರಿಗೇ ಇರುತ್ತೆ. ಬುಧವಾರ ಒಂದು ಸಲ ನೋಡೋಣ ಅನ್ಸುತ್ತೆ. ಗುರುವಾರ ಹತ್ತು ಸಲ. ಎದೆ ಹೊಡ್ಕೊಳ್ಳತ್ತೆ ನಬೀಹ್, ಆ ವಿಡಿಯೊ ನೋಡ್ತಿದ್ದಾಗ ಹೊಡ್ಕೊಳ್ತಿತ್ತಲ್ಲ, ಹಾಗೇ." ಅವಳ ದನಿ ಸಣ್ಣಗಾಯಿತು. "ಎರಡು ವರ್ಷ ಕಷ್ಟಪಟ್ಟು ಬಿಡಿಸ್ಕೊಂಡಿದ್ದೆ. ಮೂರು ವಾರದಲ್ಲಿ ಹೋಯ್ತು. ಕೀಲಿ ಬೇರೆ ಯಾರಿಗಾದ್ರೂ ಕೊಡಿ. ಉಮ್ಮ್ ತೌಫೀಕ್ ಒಪ್ಪಿದಾರೆ. ನಿಮ್ಮ ಕೀಲಿಯೂ ಒತ್ತಬೇಕಂತೆ, ಒತ್ತಿಬಿಡಿ."

ಕೀಲಿ ಹೋದರೆ ಶನಿವಾರವೂ ಇಲ್ಲ, ಮಂಗಳವಾರವೂ ಇಲ್ಲ. ಐದು ಮಹಡಿ ಹತ್ತಲು ನನಗೆ ಬೇರೆ ಯಾವ ನೆಪವಿತ್ತು?

"ಮುಂದಿನ ಶನಿವಾರ ಮಾಡೋಣ" ಎಂದೆ. "ಉಮ್ಮ್ ತೌಫೀಕ್‌ಗೆ ಕಲಿಸೋಕೆ ಒಂದು ವಾರ ಬೇಕು."

ಅದೂ ಸುಳ್ಳು. ಆ ಮುದುಕಿ ನನಗಿಂತ ಬೇಗ ಕಲಿಯುತ್ತಾರೆ.

ಆ ಸಂಕಟ ತಡೆಯಲಾಗದೆ ಭಾನುವಾರ ಬೆಳಗ್ಗೆ ಹಾರತ್ನಾದಲ್ಲಿ ಅವಳಿಗೊಂದು ಖಾಸಗಿ ಪತ್ರ ಬರೆದೆ. ಶನಿವಾರ ಲ್ಯಾಪ್‌ಟಾಪ್ ತೆರೆದಾಗ ಅವಳೊಬ್ಬಳೇ ಓದಲಿ ಎಂದು. "ಜುಮಾನಾ, ಬ್ಯಾಟರಿಗೆ ಆತುರವೇನೂ ಇರಲಿಲ್ಲ. ಇನ್ವರ್ಟರಿಗೂ ಇರಲಿಲ್ಲ. ಆತುರವಿದ್ದದ್ದು ನನಗೆ, ನಿಮ್ಮನ್ನು ನೋಡಲು. ನನ್ನ ಸುಳ್ಳಿನಿಂದ ನಿಮ್ಮ ನೆಮ್ಮದಿ ಕೆಟ್ಟಿತು, ಕ್ಷಮಿಸಿ. ಪ್ರೀತಿಯನ್ನು ವೈರಿನ ಬಿಲ್ಲಿನ ಹಿಂದೆ ಬಚ್ಚಿಟ್ಟ ಹೇಡಿ ನಾನು." ಕಳಿಸಿ, ಸೋಲಾರ್ ಫಲಕ ಒರೆಸಲು ತಾರಸಿಗೆ ಹೋದೆ.

ಇಂಥ ಜಾಲದಲ್ಲಿ ಖಾಸಗಿ ಪತ್ರಕ್ಕೆ ಬೇರೆ ಡಬ್ಬಿ ಇರುವುದಿಲ್ಲ. ಎಲ್ಲರಿಗೂ ಬರೆಯುವ ಜಾಗದಲ್ಲೇ ಬರೆದು, ಯಾರಿಗೆ ಕಾಣಬೇಕು ಎಂದು ಕೆಳಗೆ ಆರಿಸಬೇಕು. ಅದನ್ನು ಓಣಿಗೆಲ್ಲ ಕಲಿಸಿದ ನಾನೇ ಆರಿಸುವುದನ್ನು ಮರೆತಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳುತ್ತಾರೆಯೇ? ಕೆಳಗಿಳಿದು ನೋಡಿದರೆ ನಲವತ್ತೊಂದು ಜನ ಮೆಚ್ಚಿದ್ದರು. ಅಬಿಜಾನಿನಿಂದ ಮೇಷ್ಟ್ರು ಉತ್ತರ ಬರೆದಿದ್ದರು: "ಅಂತೂ ಬಾಯಿ ಬಿಟ್ಟೆಯಲ್ಲ ಮಾರಾಯ! ವ್ಯಾಕರಣ ಪರವಾಗಿಲ್ಲ."

ತಕ್ಷಣ ಅಳಿಸಿದೆ. ನನ್ನ ಕಂಪ್ಯೂಟರಿನಿಂದ ಅಳಿಯಿತು. ಮಾಂಟ್ರಿಯಲ್‌ನದು ಅಳಿಸು ಎಂದರೆ ಕೇಳುವ ಜಾತಿಯದಲ್ಲ, ಅಲ್ಲಿ ಹಾಗೇ ಉಳಿಯಿತು, ಓಣಿಯವರೆಲ್ಲ ಅಲ್ಲಿಂದಲೇ ಓದತೊಡಗಿದರು. ಹಾರತ್ನಾಕ್ಕೆ ಒಡೆಯರೇ ಇಲ್ಲ ಎಂದು ಊರಿಗೆಲ್ಲ ಜಂಬ ಕೊಚ್ಚಿದವನು ಅವತ್ತು ಒಬ್ಬ ಒಡೆಯ ಇರಬಾರದಿತ್ತೇ ಎಂದು ಅತ್ತೆ.

ಚರ್ಚಿನಿಂದ ಬಂದ ಉಮ್ಮ್ ತೌಫೀಕ್ ನೇರ ಅಂಗಡಿಗೇ ನುಗ್ಗಿದರು. "ಹೇಡಿ ಅಂತ ನೀನೇ ಬರ್ಕೊಂಡಿದ್ದೀಯ, ಅದೊಂದು ಸರಿಯಾಗಿದೆ" ಎಂದರು. "ಮೂರು ಕಟ್ಟಡಕ್ಕೂ ಹೇಳಿದೀನಿ. ಶನಿವಾರದವರೆಗೆ ಯಾರೂ ಅವಳ ಮುಂದೆ ತುಟಿ ಬಿಚ್ಚೋ ಹಾಗಿಲ್ಲ."

ಗೈತಾವಿಯ ಜನ ಆರು ದಿನ ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು. ಆದರೆ ಕೈ ಸುಮ್ಮನಿರಬೇಕಲ್ಲ. ಜುಮಾನಾ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿ ಬುಟ್ಟಿ ಇಳಿಸಿದರೆ ತರಕಾರಿಯವನು ಕೇಳದ ಸೌತೆಕಾಯಿ ಹಾಕಿ ಕಳಿಸುತ್ತಿದ್ದ. ರೊಟ್ಟಿ ಭಟ್ಟಿಯವನು ಅವಳನ್ನು ಕಂಡರೆ ಹಾಡು ಗುನುಗುತ್ತಿದ್ದ.

ಗುರುವಾರ ಅವಳ ಅಪ್ಪ ಬಂದರು. ಗಂಡುಮಕ್ಕಳಿಲ್ಲದ್ದಕ್ಕೆ ಓಣಿ ಅವರನ್ನು ಮಗಳ ಹೆಸರಿನಿಂದಲೇ ಅಬು ಜುಮಾನಾ, ಅಂದರೆ ಜುಮಾನಾಳ ಅಪ್ಪ, ಎಂದು ಕರೆಯುತ್ತದೆ. ಮಗಳು ಬಿಟ್ಟ ಫೋನಿನ ಚಟವನ್ನೆಲ್ಲ ಅವರೇ ಹಿಡಿದಿದ್ದರು.

"ಸ್ಪೀಕರ್ ಸರಿಯಿಲ್ಲ" ಎಂದು ಫೋನ್ ಮುಂದಿಟ್ಟರು. ಸ್ಪೀಕರ್ ಚೆನ್ನಾಗಿಯೇ ಇತ್ತು.

"ನೀವೂ ಓದಿದ್ರಾ?" ಎಂದೆ.

"ಎರಡು ಸಲ." ಕುರ್ಚಿ ಎಳೆದುಕೊಂಡು ಕೂತರು. "ಅವತ್ತು ನಾನು ಸೀದ ಊಟ ತಿಂದಿದ್ದು ನಿನ್ನ ದೆಸೆಯಿಂದ ಅಂತ ಈಗ ಗೊತ್ತಾಯ್ತು."

"ತಪ್ಪಾಯ್ತು. ಅವರಿಗೆ ನೀವೇ ಹೇಳಿಬಿಡ್ತೀರಾ?"

"ನಾನ್ಯಾಕೆ ಹೇಳ್ಲಿ? ಅವಳ ಕಾಗದ ಅವಳೇ ಒಡೀಲಿ." ಅವರು ಎದ್ದರು. ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು, "ಆ ಎಂಟು ತಿಂಗಳು ಅವಳು ಹೇಗಿದ್ದಳು ಅಂತ ನಾನು ನೋಡಿದೀನಪ್ಪ. ಅವಳನ್ನ ಹತ್ತಿರ ಉಳಿಸ್ಕೊಳ್ಳೋದಕ್ಕೆ ಅಂತ ಅವಳ ನೆಮ್ಮದಿ ಹಿಡ್ಕೊಂಡು ಕೂರಬೇಡ."

ಆ ಮಾತು ಎರಡು ದಿನ ನನ್ನನ್ನು ಕೊರೆಯಿತು. ನಾನು ಮಾಡಿದ್ದು ಅದನ್ನೇ ತಾನೆ?

ಶನಿವಾರ ಹತ್ತಕ್ಕೆ ಹೋದೆ. ಅಬು ಜುಮಾನಾ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಎದುರಾದರು. ತಮಗೆ ತುರ್ತಾಗಿ ಅಂಜೂರ ಬೇಕಾಗಿದೆ ಎಂದು ಹೇಳಿ ಹೊರಗೆ ಹೋದರು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಜುಮಾನಾ ಹಸಿರು ಅಂಗಿ ಹಾಕಿದ್ದಳು, ಕೂದಲು ಇನ್ನೂ ಒದ್ದೆಯಿತ್ತು.

"ಮೊದಲು ಕೀಲಿ ಕೆಲಸ ಮುಗಿಸೋಣ" ಎಂದೆ. "ಅವತ್ತೇ ಮಾಡಬೇಕಿತ್ತು. ಬೇಕಂತಲೇ ಮುಂದೂಡಿದೆ."

ನನ್ನ ಉಪಕರಣ ಚುಚ್ಚಿ ನಾನು ಒತ್ತಿದೆ. ಅವಳು ತನ್ನದನ್ನು ಚುಚ್ಚಿ ಒತ್ತಿದಳು. ಪರದೆಯ ಮೇಲೆ ಜುಮಾನಾಳ ಹೆಸರು ಹೋಗಿ ಉಮ್ಮ್ ತೌಫೀಕ್ ಹೆಸರು ಬಂತು. ಇಷ್ಟು ತಿಂಗಳು ನಮ್ಮಿಬ್ಬರನ್ನು ಒಂದು ಮೇಜಿಗೆ ಕೂರಿಸಿದ್ದು ಅರ್ಧ ನಿಮಿಷದಲ್ಲಿ ಮುಗಿದುಹೋಯಿತು. ಅವಳು ಬೆನ್ನು ಹಿಂದಕ್ಕೆ ಒರಗಿಸಿ ಉಸಿರು ಬಿಟ್ಟಳು. ಆ ಉಸಿರು ಕೇಳಿ ನನಗೆ ದುಃಖವೂ ಆಯಿತು, ಸಮಾಧಾನವೂ ಆಯಿತು.

ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ಇನ್ನೂ ನಲವತ್ತು ನಿಮಿಷ ಇದೆ" ಎಂದೆ. "ಹಾರತ್ನಾ ನೋಡಲ್ವಾ?"

"ನೋಡ್ಬೇಕಾ?"

ನಾನು ಇಂಗು ತಿಂದ ಮಂಗನ ಹಾಗೆ ಕೂತೆ.

"ಮನೇಲಿ ಹನ್ನೊಂದು ಸೌತೆಕಾಯಿ ಇದೆ ನಬೀಹ್. ಅಪ್ಪ ಬೆಳಗ್ಗೆ ಏಳಕ್ಕೇ ಶರ್ಟ್ ಇಸ್ತ್ರಿ ಮಾಡ್ಕೊಂಡ್ರು. ನನಗೇನು ಕಣ್ಣಿಲ್ವಾ?"

"ಓದಿದ್ರಾ ಹಾಗಾದ್ರೆ?"

"ಇಲ್ಲ. ಆರು ದಿನ ಕೈ ತುರಿಸ್ತಿತ್ತು. ಬೀರು ಮುಂದೆ ಎಷ್ಟು ಸಲ ನಿಂತೆನೋ." ಅವಳು ಕೈಬೆರಳು ನೋಡಿಕೊಳ್ಳುತ್ತಾ ಹೇಳಿದಳು. "ಆ ಬೆಲೆಯ ಗೆರೆ ಇದೆಯಲ್ಲ, ಅದನ್ನ ನೋಡ್ತಿದ್ದದ್ದು ಭಯಕ್ಕೆ. ಇದಕ್ಕೆ ಭಯ ಇರ್ಲಿಲ್ಲ. ಕಾಯೋದೇ ಚೆನ್ನಾಗಿತ್ತು. ಇಷ್ಟು ಚೆನ್ನಾಗಿ ನಾನು ಯಾವುದಕ್ಕೂ ಕಾದಿರ್ಲಿಲ್ಲ." ತಲೆಯೆತ್ತಿದಳು. ಎಡಗೆನ್ನೆಯ ಗುಳಿ ಬಿತ್ತು. "ಅಲ್ಲದೆ ಊರೆಲ್ಲ ಓದಿ ಮುಗಿಸಿದ್ದನ್ನ ನಾನು ಕೊನೇವಳಾಗಿ ಯಾಕೆ ಓದ್ಲಿ? ಬಾಯಿಂದ ಹೇಳಿ."

ಬರೆದದ್ದೆಲ್ಲ ಮರೆತುಹೋಯಿತು. "ಮೂರು ಮಂಗಳವಾರವೂ ಸುಳ್ಳು ಹೇಳಿದೆ" ಎಂದೆ. "ನಿಮ್ಮ ನೆಮ್ಮದಿ ಹಾಳು ಮಾಡಿದೆ. ನಿಮ್ಮ ಪ್ರೀತಿ ಬೇಕು ಅಂತ ಕೇಳೋ ಧೈರ್ಯ ಇಲ್ದೆ ಒಪ್ಪಿಗೆ ಒತ್ತಿಸ್ಕೊಂಡೆ. ನಾನು ನಿಮ್ಮನ್ನ ಪ್ರೀತಿಸ್ತೀನಿ ಜುಮಾನಾ. ಶುಕ್ರವಾರ ಊಟ ಸೇರಲ್ಲ."

ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

"ಸುಳ್ಳು ಅಂತ ಎರಡನೇ ಸಲಾನೇ ಗೊತ್ತಾಗಿತ್ತು" ಎಂದಳು. "ಇನ್ವರ್ಟರ್ ಮಾರೋ ಅಂಗಡಿಗೆ ಮಂಗಳವಾರ ರಜಾ. ಆದ್ರೂ ಮೂರನೇ ಸಲ ಬಾಗಿಲು ತೆಗೆದೆ. ಕಾಫಿ ಯಾಕೆ ಕೊಟ್ಟೆ ಅಂದ್ಕೊಂಡಿದ್ದೆ ನೀನು?"

ಹಣೆಗೆ ಒಂದು ಒದ್ದೆ ಕೂದಲು ಅಂಟಿತ್ತು. ಈ ಸಲ ಜೇಬಿನಿಂದ ಕೈ ತೆಗೆದೆ. ಅವಳು ಕಣ್ಣು ಮುಚ್ಚಿ, ನನ್ನ ಅಂಗೈಗೆ ಕೆನ್ನೆ ಒತ್ತಿದಳು.

"ಕೀಲಿ ಹೋಯ್ತು" ಎಂದೆ ಮೆಲ್ಲಗೆ. "ಇನ್ನು ನನಗೆ ಇಲ್ಲಿಗೆ ಬರೋಕೆ ಕಾರಣವೇ ಇಲ್ಲ."

"ಇಲ್ಲ" ಎಂದಳು. "ಇನ್ಮೇಲೆ ಕಾರಣ ಇಲ್ದೆ ಬಾ."

"ಶನಿವಾರ ಹತ್ತಕ್ಕಾ?"

"ಅದು ಕಂಪ್ಯೂಟರಿಗೆ ಇಟ್ಟ ಹೊತ್ತು ಕಣೋ. ಮನುಷ್ಯರಿಗಲ್ಲ."

ಮಾರನೆಯ ದಿನ ಭಾನುವಾರ. ಹೋದೆ.