ರಂಗೋಲಿ ಡಬ್ಬಿಯ ಮಾತ್ರೆ

"ತಳದಲ್ಲಿ ಬಿಡಬೇಡ ಕಣೇ, ಸತ್ವ ಎಲ್ಲ ಅಲ್ಲೇ ಇರೋದು!"

ಅತ್ತೆ ಪದ್ಮಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ಕಾಯುತ್ತಿದ್ದರು. ವಸಂತಿ ಕಣ್ಣು ಮುಚ್ಚಿ ಕಷಾಯದ ಕೊನೆಯ ಗುಟುಕು ನುಂಗಿದಳು, ಲೋಟ ಬೋರಲು ಮಾಡಿ ತೋರಿಸಿದಳು. ಐವತ್ತೊಂದು ವರ್ಷದ ಹೆಂಗಸು, ಕಾಲೇಜಿಗೆ ಹೋಗುವ ಮಗಳ ತಾಯಿ, ದಿನಾ ಬೆಳಿಗ್ಗೆ ಹೀಗೆ ಪರೀಕ್ಷೆ ಪಾಸಾಗಬೇಕು! ರಾಜಧಾನಿಯ ಆರ್.ಕೆ.ಪುರಂನ ಆ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಕಷಾಯ ಕುಡಿಯದೆ ಯಾರಿಗೂ ಕಾಫಿ ಇಲ್ಲ. ಉಳಿದವರಿಗೆ ಬರೀ ಶುಂಠಿ, ಮೆಣಸಿನದು. ಸೊಸೆಯ ಲೋಟ ಮಾತ್ರ ಬೇರೆ. ಮಂಡಿ ಹಿಡಿದುಕೊಂಡ ಮೇಲೆ ಪದ್ಮಮ್ಮನಿಗೆ ಈ ಮನೆಯಲ್ಲಿ ಉಳಿದಿದ್ದ ಕೆಲಸ ಅದೊಂದೇ.

ಅತ್ತೆ ದೇವರ ಮುಂದೆ ಕೂತ ಮೇಲೆ ವಸಂತಿ ರಂಗೋಲಿ ಡಬ್ಬಿ ತೆಗೆದಳು. ಬಗ್ಗಲಾರದ ಅತ್ತೆ ಮುಟ್ಟದೆ ಇದ್ದ ಡಬ್ಬಿ ಅದೊಂದೇ. ಬಿಳಿ ಪುಡಿಯೊಳಗೆ ಬೆರಳಾಡಿಸಿದರೆ ಮಾತ್ರೆಗಳ ಪಟ್ಟಿ. ಮುಟ್ಟು ನಿಲ್ಲುವ ಕಾಲದ ಆ ಉರಿ, ಆ ಬೆವರು, ಸುಮ್ಮಸುಮ್ಮನೆ ಉಕ್ಕುವ ಅಳು ತಡೆಯಲಾಗದೆ ಡಾಕ್ಟರಮ್ಮನ ಹತ್ತಿರ ಹೋಗಿದ್ದಳು. ಹಾರ್ಮೋನ್ ಮಾತ್ರೆ ಕೊಟ್ಟಿದ್ದರು. ಗಂಡ ಸೋಮಶೇಖರನಿಗೂ ಮಗಳು ಪ್ರಕೃತಿಗೂ ಗೊತ್ತು. ಅತ್ತೆಗೆ ಹೇಗೆ ಹೇಳುವುದು? ಮೇಲಿನ ಮನೆಯ ಜಗನ್ನಾಥರ ಹೆಂಡತಿ ಇಂಥದೇ ಮಾತ್ರೆ ತಗೊಂಡಾಗ ಅತ್ತೆ ಮೆಟ್ಟಿಲ ಮೇಲೇ ನಿಂತು ನಕ್ಕಿರಲಿಲ್ಲವೇ... "ಮುಟ್ಟು ನಿಲ್ಲೋದಕ್ಕೂ ಮಾತ್ರೆನಾ? ದೇವರು ಕೊಟ್ಟ ರಜಾ ಕಣಮ್ಮ ಅದು!"

ಮೊದಲೆರಡು ತಿಂಗಳು ಮಾತ್ರೆಯಿಂದ ಸುಖವಾಗಿಯೇ ಇತ್ತು. ಆಮೇಲೆ ಪಾದ ಊದಿಕೊಳ್ಳತೊಡಗಿತು. ಕೈಬಳೆ ಬಿಗಿಯಾದವು. ತಲೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟಿದ ಹಾಗೆ. ಒಂದು ದಿನ ತರಕಾರಿ ಗಾಡಿಯ ಮುಂದೆ "ಭಯ್ಯಾ, ಆಧಾ ಕಿಲೋ..." ಎನ್ನುತ್ತಲೇ ಹಾಗೇ ನೆಲಕ್ಕೆ ಕುಸಿದಳು. ಜೊತೆಗಿದ್ದ ಪ್ರಕೃತಿ ಆಟೋದಲ್ಲಿ ಹಾಕಿಕೊಂಡು ಡಾಕ್ಟರಮ್ಮನಲ್ಲಿಗೆ ಓಡಿದಳು.

ರಕ್ತದ ಒತ್ತಡ ನೂರ ಎಂಬತ್ತು! ಡಾಕ್ಟರಮ್ಮ ತೋಳಿನ ಪಟ್ಟಿ ಬಿಚ್ಚುತ್ತಾ ಕೇಳಿದರು, "ಔರ್ ಕ್ಯಾ ಲೇತೀ ಹೈಂ ಆಪ್?" ಈ ಮಾತ್ರೆ ಬಿಟ್ಟು ಮತ್ತೇನು ತಗೊಳ್ತೀರಿ ಎಂದು. ವಸಂತಿ, ಏನೂ ಇಲ್ಲ ಎಂದಳು. ಎರಡನೇ ಸಲವೂ ಅದೇ ಉತ್ತರ. ಸುಳ್ಳು ಹೇಳಬೇಕೆಂದಲ್ಲ. ಮನೆಯ ಕಷಾಯವನ್ನು ಯಾರಾದರೂ ಔಷಧಿ ಅಂತಾರೆಯೇ? ಸಾರು, ಹುಳಿ ಇದ್ದ ಹಾಗೆ ಅದೂ ಒಂದು!

"ಮಮ್ಮೀ, ಅಜ್ಜಿ ಕಾ ಕಾಢಾ!" ಪ್ರಕೃತಿ ತಟ್ಟನೆ ಅಂದಳು. "ಡಾಕ್ಟರ್, ರೋಜ್ ಪೀತೀ ಹೈಂ. ಮುಲೇಠಿ ತೋ ಮೈಂ ಹೀ ಲಾತೀ ಹೂಂ, ಮುನಿರ್ಕಾ ಸೇ."

ಅಜ್ಜಿಯ ಕಷಾಯ ದಿನಾ ಕುಡೀತಾರೆ, ಅದಕ್ಕೆ ಹಾಕುವ ಮುಲೇಠಿ ತರುವವಳು ತಾನೇ ಎಂದು. ಮುಲೇಠಿ ಎಂದರೆ ನಮ್ಮ ಜ್ಯೇಷ್ಠಮಧು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅದು ಹೆಚ್ಚಾದರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಒತ್ತಡ ಏರುತ್ತದೆ. ಈ ಮಾತ್ರೆಯೂ ಕೆಲವರಲ್ಲಿ ಹಾಗೇ ನೀರು ಹಿಡಿಯುತ್ತದೆ. ಎರಡೂ ಜೊತೆಗೆ ಸೇರಿದವು ಎಂದರು. ಕಷಾಯ ಇವತ್ತೇ ನಿಲ್ಲಬೇಕು, ಒತ್ತಡ ಇಳಿಯುವವರೆಗೆ ಮಾತ್ರೆಯೂ ಬೇಡ.

ಸಂಜೆ ಆಫೀಸಿನಿಂದ ಬಂದ ಸೋಮಶೇಖರ ಶೂ ಸಹ ಬಿಚ್ಚಲಿಲ್ಲ. "ಅಮ್ಮಾ! ನಿನ್ನ ಆ ಹಾಳು ಕಷಾಯ ಇವಳನ್ನ ಕೊಂದೇ ಬಿಡ್ತಿತ್ತು!"

ಪದ್ಮಮ್ಮ ಮಗನ ಮುಖ ನೋಡಿದರು, ಸೊಸೆಯ ಊದಿದ ಪಾದ ನೋಡಿದರು. ಕುಂಟುತ್ತಾ ಹೋಗಿ ಕಷಾಯದ ಪಾತ್ರೆಯನ್ನು ಬೋರಲು ಹಾಕಿ ತಮ್ಮ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಊಟಕ್ಕೆ ಕರೆದರೆ ಹಸಿವಿಲ್ಲ... ಪ್ರಕೃತಿ ಕರೆದರೂ ಹಸಿವಿಲ್ಲ...

ವಸಂತಿ ಮೊಸರನ್ನದ ತಟ್ಟೆ ಹಿಡಿದು ಮಂಚದ ಅಂಚಿಗೆ ಕೂತಳು. "ತಪ್ಪು ನಂದು ಅತ್ತೆ. ನಾನು ಮಾತ್ರೆ ತಗೋತಿದ್ದೆ. ನೀವು ನಗ್ತೀರಿ ಅಂತ ರಂಗೋಲಿ ಡಬ್ಬೀಲಿ ಬಚ್ಚಿಟ್ಟಿದ್ದೆ."

ಗೋಡೆಯ ಕಡೆಯಿಂದಲೇ ದನಿ ಬಂತು. "ನೀನು ಹೊತ್ತಲ್ಲದ ಹೊತ್ತಲ್ಲಿ ಎದ್ದು ಫ್ರಿಜ್ ಬಾಗಿಲು ತೆಗೆದು ಮುಖ ಒಡ್ಕೊಂಡು ನಿಲ್ತಿದ್ಯಲ್ಲ, ನಂಗೆ ಕಾಣಿಸ್ತಿರಲಿಲ್ವೇನೇ? ಅದಕ್ಕೇ ಜ್ಯೇಷ್ಠಮಧು ಹಾಕೋಕೆ ಶುರು ಮಾಡಿದ್ದು. ನಿನಗೆ ಗುಣ ಕಾಣ್ತು. ಹಿಡೀತು ಅಂತ ಹಿಗ್ಗಿ ಒಂದು ಚಮಚ ಇದ್ದದ್ದು ಮೂರು ಮಾಡಿದೆ..."

"ಅತ್ತೆ..."

"ನಂಗೆ ಆ ವಯಸ್ಸಲ್ಲಿ ಹೀಗೇ ಆದಾಗ ಹುಚ್ಚು ಅಂದ್ರು ಕಣೇ. ಮೈಮೇಲೆ ಏನೋ ಬಂದಿದೆ ಅಂತ ಕೂರಿಸಿ ಕೊಡಗಟ್ಟಲೆ ತಣ್ಣೀರು ಸುರಿದ್ರು. ಅಷ್ಟು ಹೊತ್ತಾದ್ರೂ ಹಾಯಾಗಿತ್ತು ಅನ್ನು!" ಪದ್ಮಮ್ಮ ನಕ್ಕರು, ನಗು ಅರ್ಧಕ್ಕೇ ಮುರಿದು ಬಿಕ್ಕಾಯಿತು. "ನಂಗಾದ ಹಾಗೆ ನಿಂಗಾಗಬಾರದು ಅಂತ ಇದ್ದೆ. ನಾನೇ ನಿನ್ನ... ಇನ್ನು ಬೆಳಗಾದ್ರೆ ಯಾಕೆ ಏಳಲಿ ನಾನು, ಹೇಳು?"

ವಸಂತಿ ಅತ್ತೆಯನ್ನು ತನ್ನ ಕಡೆ ತಿರುಗಿಸಿಕೊಂಡು ಅನ್ನ ಕಲಸಿ ತುತ್ತು ಅವರ ಬಾಯಿಗಿಟ್ಟಳು. "ನಂಗೆ ಮರೆವು ಜಾಸ್ತಿ ಅತ್ತೆ. ಡಾಕ್ಟರಮ್ಮ ಮತ್ತೆ ಮಾತ್ರೆ ಕೊಟ್ರೆ, ದಿನಾ ನೀವೇ ಕೊಡಿ." ಒಂದು ದಿನವೂ ಮರೆತವಳಲ್ಲ!

ಬಾಗಿಲಲ್ಲಿ ಸೋಮಶೇಖರ ನಿಂತಿದ್ದ. "ಅಮ್ಮ, ನಾನು..."

"ಹೋಗೋ, ಶೂ ಬಿಚ್ಚು ಮೊದಲು," ಅಂದರು ತಾಯಿ.

ನಾಲ್ಕು ವಾರ ಹಿಡಿಯಿತು ಒತ್ತಡ ಇಳಿಯಲು. ಉರಿ ಎದ್ದಾಗಲೆಲ್ಲ ಪದ್ಮಮ್ಮ ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂತರು. ಡಾಕ್ಟರಮ್ಮ ಮಾತ್ರೆ ಮತ್ತೆ ಶುರುಮಾಡಿ ಎಂದ ಮರುದಿನ ಬೆಳಿಗ್ಗೆ, ಅದೇ ಲೋಟ, ಅದೇ ಬಾಗಿಲು, ಲೋಟದ ತುಂಬ ಬರೀ ಬಿಸಿನೀರು. ಅತ್ತೆಯ ಅಂಗೈಯಲ್ಲಿ ಒಂದು ಮಾತ್ರೆ.

"ಇದಕ್ಕೂ ತಳದಲ್ಲಿ ಸತ್ವ ಇದೆಯಾ ಅತ್ತೆ?"

"ಬಿಸಿನೀರಿಗೆ ಎಂಥ ಸತ್ವವೇ! ತಲೆಹರಟೆ ಸಾಕು, ನುಂಗು."

ವಸಂತಿ ನುಂಗಿದಳು, ಹಳೇ ಅಭ್ಯಾಸದಂತೆ ಲೋಟ ಬೋರಲು ಮಾಡಿ ಹಿಡಿದಳು. ಪದ್ಮಮ್ಮ ನೋಡಲೇ ಇಲ್ಲ. ಮಾತ್ರೆ ಪಟ್ಟಿಯ ಮಡಿಕೆಯಲ್ಲಿ ಅಂಟಿದ್ದ ರಂಗೋಲಿ ಪುಡಿಯನ್ನು ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿ, ಪಟ್ಟಿಯನ್ನು ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಇಟ್ಟರು.