ಎಲುಬು ಮೇಯುವ ಕೋಶಗಳು

೨೦೫೮ರ ಒಂದು ಬೆಳಗ್ಗೆ ವಿಜಯಪುರದ ಸೈಕಲ್ ಟ್ರ್ಯಾಕಿನ ತಿರುವಿನಲ್ಲಿ ಸುಗಲಾ ಬಿಜ್ಜರಗಿ ತನ್ನ ಶಿಷ್ಯೆಯರನ್ನೆಲ್ಲ ಹಿಂದೆ ಹಾಕಿದಾಗ, ಸೊಂಟಕ್ಕೆ ಸುತ್ತಿದ್ದ ಪಟ್ಟಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅರವತ್ತು ದಾಟಿದ ಈ ಕೋಚ್‌ಗೆ ಎಲುಬು ಸವೆದಿದೆ, ಸೈಕಲ್ಲಿನ ಹತ್ತಿರವೂ ಸುಳಿಯಬಾರದೆಂದು ವೈದ್ಯರು ಹೇಳಿದ್ದರು. ಅದು ಪಟ್ಟಿ ಬರುವ ಮುಂಚಿನ ಮಾತು.

ಪಟ್ಟಿಯನ್ನು ರೂಪಿಸಿದವಳು ಅದೇ ಊರಿನ ವಿಜ್ಞಾನಿ ಮುಬೀನಾ ಇನಾಮದಾರ. ಎಲುಬಿನಲ್ಲಿ ಕಟ್ಟುವ ಕೋಶಗಳಿರುವಂತೆ ಕರಗಿಸುವ ಕೋಶಗಳೂ ಇವೆ. ಕರಗಿಸುವ ಕೋಶ ಎಲುಬಿನ ಮೇಲೆ ಕೂತೊಡನೆ ತನ್ನೊಳಗಿನ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಅಂಚಿಗೆ ಒಟ್ಟುಮಾಡಿ ಉಂಗುರ ಕಟ್ಟುತ್ತದೆ. ಆ ಉಂಗುರ ಜಿಗಣೆಯ ಬಾಯಿಯಂತೆ ಬಿಗಿಯಾಗಿ ಕಚ್ಚಿಕೊಂಡ ಮೇಲೆ ಕೋಶ ನಡುವಿನ ಜಾಗಕ್ಕೆ ಆಮ್ಲ ಸುರಿದು ಎಲುಬನ್ನು ಕರಗಿಸುತ್ತದೆ. ಪಟ್ಟಿಯ ಕಂಪನ ಸೊಂಟದಿಂದ ಮೈಯ ಎಲುಬುಗಳಿಗೆಲ್ಲ ಹರಿದು, ಆ ಎಳೆಗಳು ಒಂದುಗೂಡದಂತೆ ಮಾಡುತ್ತಿತ್ತು. ಉಂಗುರವಿಲ್ಲದೆ ಹಿಡಿತವಿಲ್ಲ, ಹಿಡಿತವಿಲ್ಲದೆ ಸವೆತವಿಲ್ಲ.

ಎಲ್ಲ ಚೆನ್ನಾಗಿಯೇ ಇತ್ತು, ಶ್ರಾವಣದಲ್ಲಿ ಬೀದಿನಾಯಿಯೊಂದು ಟ್ರ್ಯಾಕಿಗೆ ನುಗ್ಗುವವರೆಗೆ. ಸುಗಲಾ ಬಿದ್ದಳು, ಬಲಗೈ ಮುರಿಯಿತು. ಎಲುಬೇನೋ ಕೂಡಿಕೊಂಡಿತು, ಆದರೆ ಕೂಡಿದಲ್ಲಿ ಮೂಡಿದ ಗಂಟು ಇಳಿಯಲೇ ಇಲ್ಲ. ತಿಂಗಳುಗಳು ಕಳೆದರೂ ಅಂಗೈ ತಿರುಗದು, ಹ್ಯಾಂಡಲ್ ಹಿಡಿಯಲಾಗದು.

"ಎಲುಬು ಗಟ್ಟಿ ಐತ್ರಿ ಡಾಕ್ಟರ, ಆದ್ರ ಕೈ ನಂದಲ್ಲ ಅನ್ನಸ್ತೈತಿ," ಎಂದಳು ಸುಗಲಾ.

ಮುಬೀನಾ ಪರದೆಯ ಮೇಲಿನ ಚಿತ್ರವನ್ನು ಹೊರಳಿಸಿ ಹೊರಳಿಸಿ ನೋಡಿದಳು. "ಮುರದಲ್ಲಿ ಎಲುಬು ಮೊದಲ ಗಡಿಬಿಡಿಲೆ ಮೆತ್ಕೋತೈತಿ ಅಕ್ಕಾರ. ಹೆಚ್ಚಾದದ್ದನ್ನ ಕೆರದು ಆಕಾರಕ್ಕ ತರಾಕ ಆ ತಿನ್ನೋ ಕೋಶಾನ ಬೇಕು. ನಾ ಅವಕ್ಕ ಕಚ್ಚಿ ಹಿಡಿಯಾಕ ಬಿಟ್ಟಿಲ್ಲ. ಪಟ್ಟಿ ಬಿಚ್ಚರಿ."

ಸುಗಲಾ ಎಡಗೈಯಿಂದ ಪಟ್ಟಿಯನ್ನು ಅದುಮಿ ಹಿಡಿದಳು. ಸೊಂಟ ಮುರಿದು ಹಾಸಿಗೆ ಹಿಡಿದ ಅವ್ವ ಮತ್ತೆ ಏಳದೇ ಹೋದದ್ದು ಕಣ್ಣಿಗೆ ಕಟ್ಟಿತು. "ಬಿಚ್ಚಿದ್ರ ಮತ್ತ ಸವಿಯೂದಿಲ್ಲೇನ್ರಿ?"

"ಸವೀತೈತಿ, ಅದರ ಬೆನ್ನಿಗೇ ಕಟ್ತೈತಿ. ದಿನಾ ಒಂದೀಟು ಹೊತ್ತು ಮೇಯಾಕ ಬಿಡೂಣು. ಹೊಲ ಪೂರಾ ಬಿಟ್ಟು ಕೊಡೂದು ಬ್ಯಾಡ."

"ಎಮ್ಮಿಗೆ ಹಗ್ಗ ಹಾಕಿ ಮೇಯಿಸಿದಂಗ ಅನ್ರಿ!"

ಇಬ್ಬರೂ ನಕ್ಕರು. ಸುಗಲಾ ಪಟ್ಟಿಯನ್ನು ತಾನೇ ಬಿಚ್ಚಿದಳು. ಮುಬೀನಾ ಅದರ ಕಂಪನಕ್ಕೆ ಬಿಡುವಿನ ಹೊತ್ತುಗಳನ್ನು ಜೋಡಿಸಿಕೊಟ್ಟಳು. ಬೇಸಿಗೆಯ ಹೊತ್ತಿಗೆ ಗಂಟು ಕರಗಿ ಅಂಗೈ ಸಲೀಸಾಗಿ ತಿರುಗಿತು. ಹಿರಿಯರ ಸ್ಪರ್ಧೆಯಲ್ಲಿ ಸುಗಲಾ ಮೂರನೆಯವಳಾಗಿ ಬಂದು, ಮೊದಲು ಬಂದವಳಿಗಿಂತ ಜೋರಾಗಿ ಕೂಗಿದಳು.

ಸ್ಪರ್ಧೆ ಮುಗಿಸಿ ಕಬ್ಬಿನ ಹಾಲು ಕುಡಿಯುವಾಗ ಅವಳಿಗೊಂದು ಸಂಶಯ ಬಂತು. "ಹಿಂಗ ತಿನ್ನೂದು, ಕಟ್ಟೂದು ನಡದ್ರ, ಹರೇದಾಗ ನಾ ಪದಕ ಗೆದ್ದ ಎಲುಬು ಈಗ ಎಲ್ಲಿ ಅದಾವ್ರಿ?"

"ಹೋಗಿ ಭಾಳ ವರ್ಷ ಆತ್ರಿ. ಸುಮಾರು ಹತ್ತು ವರ್ಷಕ್ಕ ಎಲುಬೆಲ್ಲ ಹೊಸಾವಾಗ್ತಾವ. ನಿಮಗಷ್ಟ ಅಲ್ಲ, ಪಟ್ಟಿ ಕಣ್ಣಿಲೆ ನೋಡದವರಿಗೂ. ನಮ್ಮ ಮುತ್ತಜ್ಜ, ಮುತ್ತಜ್ಜಿಗೂ ಹಂಗ ಆಗಿತ್ತು."

ಸುಗಲಾ ತನ್ನ ಮೊಣಕಾಲುಗಳನ್ನು ಹೊಸಬರನ್ನು ನೋಡುವಂತೆ ನೋಡಿಕೊಂಡಳು.

"ಹಂಗಾದ್ರ ಇವಕ್ಕಿನ್ನೂ ಕಲಿಯೂ ವಯಸ್ಸು," ಎಂದವಳೇ ಲೋಟ ಕೆಳಗಿಟ್ಟು ಸೈಕಲ್ಲಿನತ್ತ ನಡೆದಳು.